ನಿನ್ನೆವರೆಗೂ ಓಡುತ್ತಿತ್ತಲ್ಲ! ಪೈಥಾನ್ ಅಪ್‌ಗ್ರೇಡ್ ಆದಮೇಲೆ ಕೆಟ್ಟ ಕೋಡಿನ ದೋಷ ಹುಡುಕುವ ಬಗೆ

ಶನಿವಾರ ಸಂಜೆ ಒಂದು ಸರ್ವರನ್ನು ಉಬುಂಟು ಆಪರೇಟಿಂಗ್ ಸಿಸ್ಟಮ್‌ನ 22.04ರಿಂದ 24.04ಕ್ಕೆ ಏರಿಸಿದೆ, ಅದರೊಂದಿಗೆ ಪೈಥಾನ್ ಭಾಷೆಯ ಆವೃತ್ತಿಯೂ ಏರಿತು. ನಮ್ಮ ಕೋಡಿನಲ್ಲಿ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಸರ್ವಿಸ್ ಮತ್ತೆ ಶುರು ಮಾಡಿದರೆ ಲಾಗಿನ ಕೊನೆಯಲ್ಲಿ ಒಂದು ಸಾಲು: ಮಾಡ್ಯೂಲ್‌ನಾಟ್‌ಫೌಂಡ್‌ಎರರ್, ‘ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್’ (ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್, ಅಂದರೆ ಕರೆದು ಬಳಸುವ ಕೋಡಿನ ಕಟ್ಟು, ಸಿಗಲಿಲ್ಲ). ಅದನ್ನು ಸರಿಮಾಡಲು ಮೂರು ಗಂಟೆ ಹಿಡಿಯಿತು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಹದಿನೈದು ನಿಮಿಷದ ಕೆಲಸ. ಅದೇ ಅಪ್‌ಗ್ರೇಡ್ ತಂದ ಇನ್ನೊಂದು ದೋಷ ಮೂರು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಎರರ್ ಕೊಡಲೇ ಇಲ್ಲ. ಎರಡರ ಕಥೆಯೂ ಕೆಳಗಿದೆ.

ಹಿನ್ನೆಲೆ ಇಷ್ಟು. ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯನ್ನು, ಅಂದರೆ ಸಿದ್ಧ ಮಾಡ್ಯೂಲುಗಳ ಸಂಗ್ರಹವನ್ನು, ‘ಬ್ಯಾಟರಿ ಸಮೇತ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ಆ ಬ್ಯಾಟರಿಗಳಲ್ಲಿ ಕೆಲವು ಸತ್ತು ದಶಕವೇ ಆಗಿತ್ತು, ನೋಡಿಕೊಳ್ಳುವವರೂ ಇರಲಿಲ್ಲ. 3.9ರಿಂದ ವರ್ಷಕ್ಕೊಂದು ಆವೃತ್ತಿ, ಅದೂ ಅಕ್ಟೋಬರಿನಲ್ಲಿ, ಎಂದು ಗೊತ್ತುಮಾಡಿಕೊಂಡ ಮೇಲೆ ಪ್ರತಿ ಆವೃತ್ತಿಯಲ್ಲೂ ಒಂದಿಷ್ಟು ಹಳೆಯ ಸಾಮಾನು ಹೊರಗೆ ಹೋಗುತ್ತಿದೆ. ಹೋಗುವ ಮುನ್ನ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡಬೇಕು ಎನ್ನುವುದು ಪೆಪ್ 387ರ (ಪೆಪ್ ಅಂದರೆ ಪೈಥಾನ್ ಬದಲಾವಣೆಗಳ ಅಧಿಕೃತ ಪ್ರಸ್ತಾಪ ದಾಖಲೆ) ನಿಯಮ. ಆ ಎಚ್ಚರಿಕೆಯನ್ನು ನಾವು ನೋಡಿರುವುದಿಲ್ಲ, ಅಷ್ಟೇ. ಯಾಕೆ ನೋಡಿರುವುದಿಲ್ಲ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು: ಯಾವ ಪೈಥಾನ್ ಓಡುತ್ತಿದೆ?

ಟರ್ಮಿನಲ್‌ನಲ್ಲಿ ವರ್ಷನ್ ಕೇಳಿ ಸುಮ್ಮನಾಗಬೇಡಿ. ನಿಮ್ಮ ಲಾಗಿನ್‌ಗೆ ಸಿಗುವ ಪೈಥಾನ್ ಒಂದು, ಸರ್ವಿಸ್ ಓಡಿಸುವ ಪೈಥಾನ್ ಇನ್ನೊಂದು ಆಗಿರಬಹುದು. ಪ್ರೋಗ್ರಾಮಿನ ಮೊದಲ ಸಾಲಲ್ಲೇ ಸಿಸ್ ಮಾಡ್ಯೂಲಿನ ವರ್ಷನ್ ಮತ್ತು ಎಕ್ಸಿಕ್ಯೂಟಬಲ್ ಎರಡನ್ನೂ ಪ್ರಿಂಟ್ ಮಾಡಿಸಿ, ಲಾಗಿನಲ್ಲಿ ಓದಿ.

ಉಬುಂಟು 22.04ರಲ್ಲಿ ಇದ್ದದ್ದು 3.10, 24.04ರಲ್ಲಿ ಬರುವುದು 3.12. ಅಂದರೆ ನಾನು ಒಂದೇ ನೆಗೆತದಲ್ಲಿ ಎರಡು ಮೆಟ್ಟಿಲು ದಾಟಿದ್ದೆ. 3.11 ತೆಗೆದದ್ದೂ 3.12 ತೆಗೆದದ್ದೂ ಒಟ್ಟಿಗೇ ತಲೆಮೇಲೆ ಬಿತ್ತು. ಯಾವುದು ಯಾವುದರಿಂದ ಎಂದು ಬಿಡಿಸುವುದೇ ಅರ್ಧ ಕೆಲಸ.

ಇಲ್ಲೊಂದು ಸುಳ್ಳು ಜಾಡು ಇದೆ. ಸಿಗಲಿಲ್ಲ ಎನ್ನುತ್ತಿರುವ ಮಾಡ್ಯೂಲ್ ರಿಕ್ವೆಸ್ಟ್ಸ್, ಫ್ಲಾಸ್ಕ್, ಜ್ಯಾಂಗೋ ತರಹದ ಹೊರಗಿನ ಪ್ಯಾಕೇಜಾಗಿದ್ದರೆ ಸ್ಟ್ಯಾಂಡರ್ಡ್ ಲೈಬ್ರರಿಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ವರ್ಚುವಲ್ ಎನ್ವಿರಾನ್ಮೆಂಟಿನ (ಪ್ರಾಜೆಕ್ಟಿಗೊಂದರಂತೆ ಪ್ಯಾಕೇಜುಗಳನ್ನು ಇಡುವ ಪ್ರತ್ಯೇಕ ಫೋಲ್ಡರ್) ಒಳಗಿನ ಪೈಥಾನ್ ಕೊಂಡಿ ಈಗ 3.12ಕ್ಕೆ ತೋರಿಸುತ್ತಿದೆ, ಪ್ಯಾಕೇಜುಗಳು ಮಾತ್ರ 3.10ರ ಫೋಲ್ಡರಿನಲ್ಲೇ ಕೂತಿವೆ. ಆ ಎನ್ವಿರಾನ್ಮೆಂಟನ್ನು ರಿಪೇರಿ ಮಾಡಲು ಹೋಗಬೇಡಿ. ಅಳಿಸಿ ಹೊಸದು ಮಾಡಿ.

ಆಮೇಲೆ: ಕರೆದವರು ಯಾರು?

ಎರರ್ ಸಾಲನ್ನೇ ಕಾಪಿ ಮಾಡಿ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ನಾನೂ ಅದನ್ನೇ ಮಾಡಿದೆ. ಸಿಕ್ಕ ಹಳೆಯ ಉತ್ತರ: ಉಬುಂಟುವಿನ ಪ್ಯಾಕೇಜ್ ಸಾಧನ ಆಪ್ಟ್‌ನಿಂದ ‘ಪೈಥಾನ್3-ಡಿಸ್ಟ್‌ಯುಟಿಲ್ಸ್’ ಹಾಕಿಕೊಳ್ಳಿ. 22.04ರವರೆಗೆ ಅದು ಸರಿ. 24.04ರಲ್ಲಿ ಆ ಪ್ಯಾಕೇಜೇ ಇಲ್ಲ. ಪೈಥಾನಿನ ಪ್ಯಾಕೇಜ್ ಸಾಧನ ಪಿಪ್‌ನಲ್ಲಿ ಅದೇ ಹೆಸರು ಕೇಳಿದರೆ ಅಲ್ಲೂ ಇಲ್ಲ. ಹೀಗೆ ಒಂದು ಗಂಟೆ ಹೋಯಿತು.

ಓದಬೇಕಾದದ್ದು ಕೊನೆಯ ಸಾಲನ್ನಲ್ಲ, ಅದರ ಮೇಲಿನ ಫೈಲ್ ಹೆಸರನ್ನು. ಟ್ರೇಸ್‌ಬ್ಯಾಕಿನ (ಎರರ್ ಎಲ್ಲಿಂದ ಬಂತೆಂದು ತೋರಿಸುವ ಸಾಲುಗಳ) ಕೆಳಗಿನಿಂದ ಮೇಲಕ್ಕೆ ಹೋಗಿ ಮೊದಲು ಸಿಗುವ ಫೈಲ್ ದಾರಿ ನೋಡಿ. ನಿಮ್ಮ ಪ್ರಾಜೆಕ್ಟಿನ ಫೋಲ್ಡರ್ ಆಗಿದ್ದರೆ ತಪ್ಪು ನಿಮ್ಮದು, ತಿದ್ದುವುದೂ ಸುಲಭ. ಹೊರಗಿನ ಪ್ಯಾಕೇಜುಗಳು ಕೂರುವ ಸೈಟ್-ಪ್ಯಾಕೇಜಸ್ ಅಂತಿದ್ದರೆ ಯಾವುದೋ ಲೈಬ್ರರಿ ಹಳೆಯದಾಗಿದೆ, ಅದರ ಹೊಸ ಆವೃತ್ತಿ ಬೇಕು. ಅದರೊಳಗೆ ಕೈಹಾಕಿ ತಿದ್ದಿದರೆ ಮುಂದಿನ ಡಿಪ್ಲಾಯ್‌ನಲ್ಲಿ ತಿದ್ದಿದ್ದು ಅಳಿಸಿಹೋಗುತ್ತದೆ. ದಾರಿಯಲ್ಲಿ ಟೆಂಪ್ ಫೋಲ್ಡರ್, ಪಿಪ್-ಬಿಲ್ಡ್-ಎನ್ವ್ ಎಂಬ ಮಾತು ಕಂಡರೆ ಅದು ಮೂರನೆಯ ಜಾತಿ, ಅದೇ ತಲೆನೋವು.

ಡಿಸ್ಟ್‌ಯುಟಿಲ್ಸ್ ಎಂಬ ಗಂಟು

ಪ್ಯಾಕೇಜು ಕಟ್ಟುವ ಹಳೆಯ ಸಾಧನ ಡಿಸ್ಟ್‌ಯುಟಿಲ್ಸ್. 2021ರ ಅಕ್ಟೋಬರಿನಲ್ಲಿ ಬಂದ 3.10ರಲ್ಲಿ ಅದನ್ನು ಬಿಡಿ ಎಂದು ಹೇಳಿ, 2023ರ ಅಕ್ಟೋಬರಿನ 3.12ರಲ್ಲಿ ತೆಗೆದೇಬಿಟ್ಟರು. ಪೆಪ್ 632ರಲ್ಲಿ ಇದೆಲ್ಲ ಮೊದಲೇ ಬರೆದಿತ್ತು.

ಇದರ ವಿಚಿತ್ರ ಲಕ್ಷಣವೆಂದರೆ ಒಂದೇ ಕೋಡ್, ಒಂದೇ 3.12, ಆದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಸರ್ವರಿನಲ್ಲಿ ಓಡುವುದಿಲ್ಲ. ಪಕ್ಕದ ಮೇಜಿನವರು ‘ನನ್ನ ಹತ್ತಿರ ಸರಿಯಾಗೇ ಇದೆ’ ಎನ್ನುವುದು ಈ ಸಲ ಸುಳ್ಳಲ್ಲ. ಪ್ಯಾಕೇಜು ಕಟ್ಟುವ ಇನ್ನೊಂದು ಸಾಧನ ಸೆಟಪ್‌ಟೂಲ್ಸ್ ತನ್ನೊಳಗೆ ಡಿಸ್ಟ್‌ಯುಟಿಲ್ಸಿನ ಒಂದು ಪ್ರತಿ ಇಟ್ಟುಕೊಂಡಿದೆ. ಯಾರಾದರೂ ಡಿಸ್ಟ್‌ಯುಟಿಲ್ಸ್ ಕೇಳಿದರೆ ಸದ್ದಿಲ್ಲದೆ ಆ ಪ್ರತಿಯನ್ನೇ ಕೊಡುತ್ತದೆ. ಇದಕ್ಕಾಗಿ ಸೈಟ್-ಪ್ಯಾಕೇಜಸ್ ಒಳಗೆ ‘ಡಿಸ್ಟ್‌ಯುಟಿಲ್ಸ್-ಪ್ರೆಸಿಡೆನ್ಸ್’ ಎಂಬ ಹೆಸರಿನ ಪುಟ್ಟ ಫೈಲ್ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಸೆಟಪ್‌ಟೂಲ್ಸ್ ಯಾವುದೋ ಕಾರಣಕ್ಕೆ ಬಂದು ಕೂತಿರುತ್ತದೆ. ಸರ್ವರಿನಲ್ಲಿ ಹೊಸದಾಗಿ ಮಾಡಿದ ಎನ್ವಿರಾನ್ಮೆಂಟಿನಲ್ಲಿ ಇಲ್ಲ, ಏಕೆಂದರೆ 3.12ರಿಂದ ವೆನ್ವ್ (ಎನ್ವಿರಾನ್ಮೆಂಟ್ ಮಾಡುವ ಸಾಧನ) ಅದನ್ನು ತಾನಾಗಿ ಹಾಕುವುದನ್ನೂ ನಿಲ್ಲಿಸಿದೆ. ‘ಪಿಕೆಜಿ ರಿಸೋರ್ಸಸ್ ಇಲ್ಲ’ ಎಂಬ ಎರರಿನ ಮೂಲವೂ ಹಲವು ಸಲ ಇದೇ.

ಸೆಟಪ್‌ಟೂಲ್ಸ್ ಹಾಕಿದರೆ ರಾತ್ರಿ ನಿದ್ದೆ ಬರುತ್ತದೆ ಎನ್ನುವುದು ನಿಜ. ನಾನೂ ಶನಿವಾರ ಅದನ್ನೇ ಮಾಡಿದೆ. ಆದರೆ ಅದು ಸೋರುವ ನಲ್ಲಿಗೆ ಬಟ್ಟೆ ಕಟ್ಟಿದ ಹಾಗೆ. ನಿಜವಾದ ಕೆಲಸ, ಕರೆಯುವ ಸಾಲನ್ನು ಬದಲಿಸುವುದು. ಕಮಾಂಡ್ ಎಲ್ಲಿದೆ ಎಂದು ಹುಡುಕುವ ಫೈಂಡ್-ಎಕ್ಸಿಕ್ಯೂಟಬಲ್ ಬದಲು ಸ್ಟ್ಯಾಂಡರ್ಡ್ ಲೈಬ್ರರಿಯ ಷುಟಿಲ್‌ನ ವಿಚ್. ಫೋಲ್ಡರ್ ನಕಲಿಸುವ ಕಾಪಿ-ಟ್ರೀ ಬದಲು ಷುಟಿಲ್‌ನದೇ ಕಾಪಿಟ್ರೀ. ಫೋಲ್ಡರ್ ಮೊದಲೇ ಇದ್ದರೂ ಪರವಾಗಿಲ್ಲ ಎನ್ನುವ ಆಯ್ಕೆ 3.8ರಿಂದ ಅದರಲ್ಲಿದೆ. ‘ಯೆಸ್’, ‘ಆನ್’, ‘1’ ಎಲ್ಲವನ್ನೂ ನಿಜ ಎಂದು ಓದುತ್ತಿದ್ದ ಸ್ಟ್ರ್‌ಟುಬೂಲ್‌ಗೆ ಬದಲಿ ಇಲ್ಲ, ಐದು ಸಾಲು ನೀವೇ ಬರೆದುಕೊಳ್ಳಿ. ಆವೃತ್ತಿ ಸಂಖ್ಯೆ ಹೋಲಿಸುವ ಲೂಸ್‌ವರ್ಷನ್ ಬದಲು ‘ಪ್ಯಾಕೇಜಿಂಗ್’ ಲೈಬ್ರರಿ ಬಳಸಬಹುದು, ಆದರೆ ಲೂಸ್‌ವರ್ಷನ್ ಎಂಥ ಅಡ್ಡಾದಿಡ್ಡಿ ಸಂಖ್ಯೆಯನ್ನೂ ನುಂಗಿಕೊಳ್ಳುತ್ತಿತ್ತು. ಪ್ಯಾಕೇಜಿಂಗ್ ನಿಯಮಕ್ಕೆ ಒಗ್ಗದ್ದನ್ನು ಎರರ್ ಕೊಟ್ಟು ತಳ್ಳುತ್ತದೆ. ನಿಮ್ಮ ಸಾಧನಗಳು ‘2.4-ಹಳೇದು’ ಎಂಬಂಥ ಆವೃತ್ತಿ ಹೇಳುತ್ತಿದ್ದರೆ ಮೊದಲೇ ನೋಡಿಕೊಳ್ಳಿ.

ಈಗ ಆ ಮೂರನೆಯ ಜಾತಿ. ನಮ್ಮ ರಿಕ್ವೈರ್ಮೆಂಟ್ಸ್ ಫೈಲಿನಲ್ಲಿ (ಬೇಕಾದ ಪ್ಯಾಕೇಜುಗಳ ಪಟ್ಟಿ) ಗಣಿತದ ಲೈಬ್ರರಿ ನಂಪೈ 1.24 ಎಂದು ಗಟ್ಟಿಯಾಗಿ ಬರೆದಿತ್ತು. 3.12ಕ್ಕೆಂದು ಕಟ್ಟಿದ ನಂಪೈ ಬಂದದ್ದೇ 1.26ರಿಂದ. ಸಿದ್ಧ ಪ್ಯಾಕೇಜ್ ಸಿಗದಿದ್ದರೆ ಪಿಪ್ ಸುಮ್ಮನಿರುವುದಿಲ್ಲ, ಮೂಲ ಕೋಡ್ ಇಳಿಸಿಕೊಂಡು ಕಟ್ಟಲು ಕೂರುತ್ತದೆ. ಕಟ್ಟುವಾಗ ‘ಪಿಕೆಜಿಯುಟಿಲ್‌ಗೆ ಇಂಪ್‌ಇಂಪೋರ್ಟರ್ ಎಂಬ ಗುಣವಿಲ್ಲ’ ಎಂಬರ್ಥದ ಆಟ್ರಿಬ್ಯೂಟ್‌ಎರರ್. ಹುಡುಕಿದರೆ ಎಲ್ಲರೂ ಹೇಳುವುದು ಒಂದೇ: ಸೆಟಪ್‌ಟೂಲ್ಸನ್ನು 66.1ಕ್ಕೋ ಮೇಲಕ್ಕೋ ಏರಿಸಿ. ಏರಿಸಿದೆ. ಅದೇ ಎರರ್. ಮತ್ತೆ ಏರಿಸಿದೆ. ಮತ್ತೆ ಅದೇ.

ವಿಷಯ ಏನೆಂದರೆ, ಪಿಪ್ ಕಟ್ಟುವ ಕೆಲಸಕ್ಕೆ ತನ್ನದೇ ಪ್ರತ್ಯೇಕ ಕೋಣೆ ಮಾಡಿಕೊಳ್ಳುತ್ತದೆ. ಆ ಕೋಣೆಗೆ ಯಾವ ಸೆಟಪ್‌ಟೂಲ್ಸ್ ಬರಬೇಕೆಂದು ನಂಪೈಯ ಪೈಪ್ರಾಜೆಕ್ಟ್ ಫೈಲ್ ನಿರ್ಧರಿಸುತ್ತದೆ. ಹಳೆಯ ನಂಪೈಗಳು ಅಲ್ಲಿ ಹಳೆಯ ಸೆಟಪ್‌ಟೂಲ್ಸನ್ನೇ ಗೊತ್ತುಮಾಡಿವೆ. ನೀವು ಹೊರಗಿನ ಹಜಾರದಲ್ಲಿ ಎಷ್ಟು ಏರಿಸಿದರೂ ಒಳಕೋಣೆಗೆ ತಾಕುವುದಿಲ್ಲ. ಪರಿಹಾರ ನಂಪೈಯನ್ನೇ 1.26ಕ್ಕೆ ಒಯ್ಯುವುದು. ಇದನ್ನು ಬೇಗ ಕಂಡುಹಿಡಿಯಲು ಪಿಪ್‌ಗೆ ‘ಓನ್ಲಿ-ಬೈನರಿ’ ಆಯ್ಕೆ ಕೊಟ್ಟು ಎಲ್ಲ ಪ್ಯಾಕೇಜನ್ನೂ ಹಾಕಿಸಿ ನೋಡಿ. ಯಾವುದಕ್ಕೆ ಸಿದ್ಧ ರೂಪ ಇಲ್ಲವೋ ಅದರ ಹೆಸರನ್ನು ನೇರವಾಗಿ ಹೇಳಿ ನಿಲ್ಲುತ್ತದೆ. ಇನ್ನೂರು ಸಾಲಿನ ಬಿಲ್ಡ್ ಲಾಗ್ ಓದುವುದು ತಪ್ಪುತ್ತದೆ.

ಪೈಥಾನೇ ಬರೆಯದವರೂ ಈ ಗಂಟಿಗೆ ಸಿಕ್ಕಿಕೊಂಡಿದ್ದಾರೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪ್ಯಾಕೇಜ್ ಹಾಕುವಾಗ ಡಿಸ್ಟ್‌ಯುಟಿಲ್ಸ್ ಇಲ್ಲ ಎಂದು ಬಂದರೆ ಬೆಚ್ಚಬೇಡಿ. ಸಿ++ ಕೋಡ್ ಕಟ್ಟಲು ನೋಡ್-ಜಿಪ್ ಒಳಗೊಳಗೆ ಪೈಥಾನನ್ನು ಕರೆಯುತ್ತದೆ. ಅದರ 10ನೇ ಆವೃತ್ತಿಗೆ ಹೋದರೆ ಮುಗಿಯಿತು.

3.12ರ ಇನ್ನಷ್ಟು ಪರಿಚಿತ ಮುಖಗಳು: ಕಾನ್ಫಿಗ್‌ಪಾರ್ಸರಿನ ಸೇಫ್‌ಕಾನ್ಫಿಗ್‌ಪಾರ್ಸರ್ ಹೋಗಿದೆ, ಹೆಸರಿನಿಂದ ‘ಸೇಫ್’ ತೆಗೆದರೆ ಸಾಕು. ಟೆಸ್ಟುಗಳಲ್ಲಿ ಅಸರ್ಟ್‌ಈಕ್ವಲ್ಸ್ ಎಂದು ಕೊನೆಗೆ ‘ಸ್’ ಹಚ್ಚಿ ಬರೆದವರಿಗೆ ಪೆಟ್ಟು. ಇಂಪ್ ಮಾಡ್ಯೂಲಿನ ಕೆಲಸ ಇಂಪೋರ್ಟ್‌ಲಿಬ್‌ಗೆ ಹೋಗಿದೆ. ಅಸಿಂಕೋರ್, ಅಸಿಂಚಾಟ್, ಎಸ್‌ಎಂಟಿಪಿಡಿ ಮೂರೂ ಒಟ್ಟಿಗೆ ಹೋದವು.

3.13: ಹತ್ತೊಂಬತ್ತು ಬ್ಯಾಟರಿ

2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಒಂದೇ ಏಟಿಗೆ 19 ಮಾಡ್ಯೂಲ್ ಹೊರಬಿದ್ದವು. ಕ್ರಿಶ್ಚಿಯನ್ ಹೈಮ್ಸ್ ಮತ್ತು ಬ್ರೆಟ್ ಕ್ಯಾನನ್ ಬರೆದ ಪೆಪ್ 594ರ ಫಲ ಇದು. ಪ್ರಸ್ತಾಪ ಬಂದದ್ದು 2019ರಲ್ಲಿ, ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಎಚ್ಚರಿಕೆ ಶುರುವಾದದ್ದು 3.11ರಿಂದ. ಅವಸರ ಮಾಡಿದರು ಎಂದು ಯಾರೂ ಹೇಳುವಂತಿಲ್ಲ.

ನಿಮಗೆ ತಾಗುವುದು ಬಹುಶಃ ನಾಲ್ಕೈದೇ. ಸಿಜಿಐ ಹೋಗಿದೆ, ಹಳೆಯ ವೆಬ್ ಸ್ಕ್ರಿಪ್ಟ್ ಹಾಗೇ ಉಳಿಸಲು ‘ಲೆಗಸಿ-ಸಿಜಿಐ’ ಎಂಬ ಹೊರಗಿನ ಪ್ಯಾಕೇಜ್ ಇದೆ. ಪೈಪ್ಸ್‌ನಿಂದ ಕೋಟ್ ಮಾತ್ರ ತೆಗೆದುಕೊಳ್ಳುತ್ತಿದ್ದವರು ಷ್‌ಲೆಕ್ಸ್‌ನಿಂದ ತೆಗೆದುಕೊಳ್ಳಿ. ಆಡಿಯೋ ಕೆಲಸಕ್ಕೆ ಪೈಡಬ್ ಬಳಸುವವರಿಗೆ ಆಡಿಯೋಆಪ್ ಕಾಣೆಯಾಗಿರುತ್ತದೆ, ‘ಆಡಿಯೋಆಪ್-ಎಲ್‌ಟಿಎಸ್’ ಹಾಕಿ. ರೌಟರ್, ಸ್ವಿಚ್‌ಗಳಿಗೆ ಸ್ಕ್ರಿಪ್ಟ್ ಬರೆಯುವ ನೆಟ್‌ವರ್ಕ್ ಮಂದಿಗೆ ಟೆಲ್ನೆಟ್‌ಲಿಬ್ ಹೋದದ್ದು ನೋವು. ‘ಟೆಲ್ನೆಟ್‌ಲಿಬ್3’ ಇದೆ, ಆದರೆ ಅದು ಮೂಲತಃ ಅಸಿಂಕ್ (ಒಂದು ಕೆಲಸಕ್ಕೆ ಕಾಯುತ್ತಲೇ ಇನ್ನೊಂದು ಮಾಡುವ) ಶೈಲಿಯದು, ಕೋಡನ್ನು ತಿರುಗಿಸಿ ಬರೆಯಬೇಕಾಗಬಹುದು. ಸಾಧ್ಯವಿದ್ದರೆ ಈ ನೆಪದಲ್ಲಿ ಎಸ್‌ಎಸ್‌ಎಚ್‌ಗೆ ಹೋಗಿಬಿಡಿ. ಪಾಸ್‌ವರ್ಡ್ ಹ್ಯಾಶ್ ಮಾಡುವ ಕ್ರಿಪ್ಟ್ ಕೂಡ ಹೋಗಿದೆ. ಹೊಸ ಕೋಡಿಗೆ ಬಿಕ್ರಿಪ್ಟ್ ಅಥವಾ ಆರ್ಗಾನ್2, ಹಳೆಯ ಹ್ಯಾಶ್ ಪರೀಕ್ಷಿಸಲು ಮಾತ್ರ ಯಾವುದಾದರೂ ಹೊಂದಾಣಿಕೆಯ ಪ್ಯಾಕೇಜ್.

3.14ರಲ್ಲಿ ಉಲ್ಟಾ ರೀತಿಯ ದೋಷವೊಂದಿದೆ. ತೆಗೆದದ್ದರಿಂದಲ್ಲ, ಸೇರಿಸಿದ್ದರಿಂದ ಆದದ್ದು. ‘ಕಂಪ್ರೆಷನ್’ ಎಂಬ ಹೊಸ ಪ್ಯಾಕೇಜ್ ಬಂದಿದೆ. ನಿಮ್ಮ ಸ್ಕ್ರಿಪ್ಟಿನ ಪಕ್ಕದಲ್ಲೇ ಅದೇ ಹೆಸರಿನ ನಿಮ್ಮ ಫೈಲ್ ಇದ್ದರೆ ಪೈಥಾನ್ ಮೊದಲು ಅದನ್ನೇ ಎತ್ತಿಕೊಳ್ಳುತ್ತದೆ, ಆಗ ಫೈಲ್ ಕುಗ್ಗಿಸುವ ಜಿಜಿಪ್ ಮಾಡ್ಯೂಲ್ ಎರರ್ ಕೊಡುತ್ತದೆ. ನೀವು ಮುಟ್ಟದ ಜಿಜಿಪ್ ಯಾಕೆ ಅಳುತ್ತಿದೆ ಎಂದು ಹುಡುಕುತ್ತಾ ಕೂರಬೇಡಿ, ನಿಮ್ಮ ಫೈಲಿನ ಹೆಸರು ಬದಲಿಸಿ. ಇನ್ನು ಅಸಿಂಕ್‌ಐಒದ ಗೆಟ್-ಇವೆಂಟ್-ಲೂಪ್, ಸದ್ಯದ ಲೂಪ್ ಇಲ್ಲದಿದ್ದರೆ ಹೊಸದನ್ನು ಮಾಡಿಕೊಡುತ್ತಿತ್ತು; 3.14ರಲ್ಲಿ ರನ್‌ಟೈಮ್‌ಎರರ್ ಕೊಡುತ್ತದೆ. ಅಸಿಂಕ್‌ಐಒ ರನ್ ಬಳಸಿ.

ಸದ್ದು ಮಾಡದ ದೋಷ

ಇಲ್ಲಿಯವರೆಗಿನವು ಒಳ್ಳೆಯ ದೋಷಗಳು. ಕೂಗಿ ಹೇಳುತ್ತವೆ, ಸಾಲಿನ ಸಂಖ್ಯೆ ಸಹಿತ. ನನ್ನನ್ನು ಕಾಡಿದ್ದು ಬೇರೆ.

ನಮ್ಮಲ್ಲಿ ಅರ್ಜಿಗಳ ಸ್ಥಿತಿಗೆ ‘ಸ್ಥಿತಿ’ ಎಂಬ ಈನಮ್ (ಗೊತ್ತಾದ ಕೆಲವೇ ಬೆಲೆಗಳ ಹೆಸರುಪಟ್ಟಿ) ಇತ್ತು. ಸ್ಟ್ರಿಂಗ್ (ಪಠ್ಯ) ಮತ್ತು ಈನಮ್ ಎರಡನ್ನೂ ಬೆರೆಸಿ ಮಾಡಿದ್ದು, ಎಲ್ಲರೂ ಮಾಡುವ ಹಾಗೆ. ಅದರಲ್ಲಿ ‘ಬಾಕಿ’ ಎಂಬ ಸದಸ್ಯ, ಬೆಲೆಯೂ ‘ಬಾಕಿ’. ದಿನದ ಫೈಲನ್ನು ಯಾವ ಫೋಲ್ಡರಿಗೆ ಹಾಕಬೇಕು ಎನ್ನುವುದನ್ನು ಎಫ್-ಸ್ಟ್ರಿಂಗ್‌ನಲ್ಲಿ (ಪಠ್ಯದೊಳಗೆ ಬೆಲೆ ತುಂಬುವ ರೀತಿ) ಈ ಸದಸ್ಯವನ್ನು ನೇರವಾಗಿ ಇಟ್ಟು ಬರೆದಿದ್ದೆವು. 3.10ರಲ್ಲಿ ಅದು ‘ಬಾಕಿ’ ಎಂದು ಬರುತ್ತಿತ್ತು. 3.11ರಿಂದ ‘ಸ್ಥಿತಿ.ಬಾಕಿ’ ಎಂದು ಬರುತ್ತದೆ. ಇಂಥ ಬೆರಕೆ ಈನಮ್‌ಗಳಲ್ಲಿ ಎಫ್-ಸ್ಟ್ರಿಂಗ್ ಒಂದು, ಸ್ಟ್ರ್ ಇನ್ನೊಂದು ಹೇಳುತ್ತಿದ್ದ ಗೊಂದಲವನ್ನು ತೆಗೆದು ಎರಡನ್ನೂ ಒಂದೇ ಮಾಡಿದರು. ತರ್ಕ ಸರಿಯಾಗೇ ಇದೆ.

ಪರಿಣಾಮ ಏನಾಯಿತೆಂದರೆ, ಬರೆಯುವ ಪ್ರೋಗ್ರಾಮ್ ‘ಸ್ಥಿತಿ.ಬಾಕಿ’ ಎಂಬ ಹೊಸ ಫೋಲ್ಡರ್ ಮಾಡಿಕೊಂಡು ಅಲ್ಲಿ ಬರೆಯಿತು. ಓದುವ ಪ್ರೋಗ್ರಾಮ್ ಹಳೆಯ ‘ಬಾಕಿ’ ಫೋಲ್ಡರನ್ನೇ ನೋಡಿ, ಖಾಲಿ ಕಂಡು, ‘ಇಂದು ಬಾಕಿ ಅರ್ಜಿಗಳಿಲ್ಲ’ ಎಂದು ಮೇಲ್ ಕಳಿಸಿತು. ಮೂರು ದಿನ ಎಲ್ಲರೂ ಖುಷಿಯಾಗಿದ್ದರು.

ಟೆಸ್ಟುಗಳು ಯಾಕೆ ಹಿಡಿಯಲಿಲ್ಲ? ಈನಮ್ ಸದಸ್ಯ ‘ಬಾಕಿ’ ಎಂಬ ಸ್ಟ್ರಿಂಗಿಗೆ ಸಮವೇ ಎಂದು ಕೇಳಿದರೆ ಇಂದಿಗೂ ಹೌದು. ಜೇಸನ್ ಎಂಬ ಡೇಟಾ ರೂಪಕ್ಕೆ ಬರೆದರೂ ‘ಬಾಕಿ’ ಎಂದೇ ಹೋಗುತ್ತದೆ. ನಮ್ಮ ಟೆಸ್ಟುಗಳು ಅವೆರಡನ್ನೇ ನೋಡುತ್ತಿದ್ದವು. ಬದಲಾದದ್ದು ಪಠ್ಯದೊಳಗೆ ಸೇರಿಸಿದಾಗಿನ ರೂಪ ಮಾತ್ರ. ಕೋಡಿನಲ್ಲಿ ಸ್ಟ್ರಿಂಗ್ ಮತ್ತು ಈನಮ್ ಬೆರೆಸಿದ ಕ್ಲಾಸುಗಳನ್ನೆಲ್ಲ ಹುಡುಕಿ, ಅವು ಎಫ್-ಸ್ಟ್ರಿಂಗ್‌ನಲ್ಲಿ ಅಥವಾ ಫಾರ್ಮ್ಯಾಟ್‌ನಲ್ಲಿ ಬರುವ ಜಾಗ ಗುರುತಿಸಿ. 3.11ರ ಕೆಳಗೆ ಇಳಿಯುವುದಿಲ್ಲ ಎಂದಾದರೆ ಹೊಸ ಸ್ಟ್ರ್‌ಈನಮ್‌ಗೆ ಬದಲಿಸಿ. ಹಳೆಯದರಲ್ಲೂ ಓಡಬೇಕಿದ್ದರೆ ಎಲ್ಲ ಕಡೆ ‘ವ್ಯಾಲ್ಯೂ’ ಎಂದು ಸ್ಪಷ್ಟವಾಗಿ ಬರೆಯಿರಿ, ಬೇಜಾರಾದರೂ ಸರಿ.

ಮಾಡ್ಯೂಲನ್ನೇ ಕಿತ್ತುಹಾಕಿದ್ದಕ್ಕೆ ನನಗೆ ತಕರಾರಿಲ್ಲ. ಹೆಸರು ಅದೇ ಇಟ್ಟು ಉತ್ತರ ಬದಲಿಸಿದ್ದಕ್ಕೆ ಇದೆ. ಇಂಥ ಬದಲಾವಣೆಗೆ ಹೊಸ ಹೆಸರೇ ಸರಿ ಎನ್ನುವುದು ನನ್ನ ವಾದ.

ಆವೃತ್ತಿಯ ಮಧ್ಯದ ಸಂಖ್ಯೆ ಬದಲಾಗದಿದ್ದರೂ ನಿಶ್ಚಿಂತೆ ಇಲ್ಲ. 2022ರ ಸೆಪ್ಟೆಂಬರಿನ 3.10.7ರಲ್ಲಿ ಭದ್ರತೆಯ ಕಾರಣಕ್ಕೆ, ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವಾಗ 4300 ಅಂಕಿಗಳ ಮಿತಿ ಹಾಕಿದರು. ದೊಡ್ಡ ಸಂಖ್ಯೆಗಳ ಜೊತೆ ಆಟವಾಡುವವರಿಗೆ ಏಕಾಏಕಿ ವ್ಯಾಲ್ಯೂಎರರ್ ಬಂತು. ಸಿಸ್ ಮಾಡ್ಯೂಲಿನಲ್ಲಿ ಮಿತಿ ಏರಿಸುವ ದಾರಿ ಇದೆ.

ಕನ್ನಡ ಫೈಲ್ ಓದುವವರು ಇಲ್ಲಿ ನೋಡಿ

ವಿಂಡೋಸ್‌ನಲ್ಲಿ ಓಪನ್ ಕರೆದು ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಹೇಳದೆ ಬಿಟ್ಟರೆ ಪೈಥಾನ್ ಸಾಮಾನ್ಯವಾಗಿ ಸಿಪಿ1252 ಎಂದುಕೊಂಡು ಓದುತ್ತದೆ. ಯುಟಿಎಫ್-8ರಲ್ಲಿ ಉಳಿಸಿದ ಕನ್ನಡ ಫೈಲಿನಲ್ಲಿ ‘ಮನೆ’ ಎಂದಷ್ಟೇ ಇದ್ದರೆ ಕಸದಂಥ ಅಕ್ಷರ ಬರುತ್ತದೆ, ಎರರ್ ಬರುವುದಿಲ್ಲ. ‘ಅಮ್ಮ’ ಎಂದಿದ್ದರೆ ಯುನಿಕೋಡ್‌ಡಿಕೋಡ್‌ಎರರ್. ವ್ಯತ್ಯಾಸ ಒತ್ತಕ್ಷರದ್ದು. ಎರಡು ಮ-ಗಳ ನಡುವಿನ ಹಲಂತ ಚಿಹ್ನೆ (್) ಯುಟಿಎಫ್-8ರಲ್ಲಿ ಮೂರು ಬೈಟ್: ಇ0, ಬಿ3, 8ಡಿ. ಆ 8ಡಿ ಎಂಬ ಬೈಟಿಗೆ ಸಿಪಿ1252ರಲ್ಲಿ ಅರ್ಥವೇ ಇಲ್ಲ. ಎರರ್ ಸಾಲಿನಲ್ಲಿ ‘ಚಾರ್‌ಮ್ಯಾಪ್’ ಮತ್ತು 8ಡಿ ಎರಡೂ ಕಂಡರೆ ನಿಮ್ಮ ಫೈಲ್ ಕೆಟ್ಟಿಲ್ಲ, ಒತ್ತಕ್ಷರ ಇದೆ ಎಂದಷ್ಟೇ ಅರ್ಥ.

ಪೆಪ್ 686ರ ಪ್ರಕಾರ 3.15ರಿಂದ ಎಲ್ಲ ಕಡೆ ಯುಟಿಎಫ್-8 ತಾನಾಗಿ ಬರುತ್ತದೆ. ನಮಗಿದು ಒಳ್ಳೆಯ ಸುದ್ದಿಯೇ, ಆದರೆ ಇದೂ ಒಂದು ಮುರಿಯುವ ಬದಲಾವಣೆ. ಸಿಪಿ1252ರಲ್ಲಿ ಉಳಿಸಿದ ಹಳೆಯ ಇಂಗ್ಲಿಷ್ ಸಿಎಸ್‌ವಿಯಲ್ಲಿ ಒಂದು ಬಾಗಿದ ಉದ್ಧರಣ ಚಿಹ್ನೆ ಇದ್ದರೂ ಸಾಕು, ನಿನ್ನೆ ಓದಿದ್ದನ್ನು ಇಂದು ಓದಲಾರದು. ಎಕ್ಸೆಲ್‌ನಿಂದ ಯುಟಿಎಫ್-8 ಎಂದೇ ಉಳಿಸಿದ್ದರಲ್ಲಿ ಮೊದಲ ಕಾಲಮ್ಮಿನ ಹೆಸರಿಗೆ ಕಣ್ಣಿಗೆ ಕಾಣದ ಗುರುತೊಂದು ಅಂಟಿಕೊಂಡಿರುತ್ತದೆ. ಅದಕ್ಕೆ ‘ಯುಟಿಎಫ್-8-ಸಿಗ್’ ಎಂದು ಕೊಡಬೇಕು. ಎನ್‌ಕೋಡಿಂಗ್ ಹೇಳದ ಸಾಲುಗಳನ್ನು ಹುಡುಕಲು ಪೈಥಾನನ್ನು ‘ಎಕ್ಸ್’ ಆಯ್ಕೆಯಲ್ಲಿ ವಾರ್ನ್-ಡಿಫಾಲ್ಟ್-ಎನ್‌ಕೋಡಿಂಗ್ ಕೊಟ್ಟು ಓಡಿಸಿ. 3.10ರಿಂದಲೇ ಇದು ಇದೆ.

ಮೊದಲೇ ಹಿಡಿಯುವುದು

ಎಚ್ಚರಿಕೆ ನಮಗೆ ಕಾಣಲಿಲ್ಲವಲ್ಲ, ಅದರ ಕಾರಣ ಇದು: ಡೆಪ್ರಿಕೇಷನ್‌ವಾರ್ನಿಂಗ್ (‘ಇದನ್ನು ಬಿಡಿ’ ಎಂಬ ಎಚ್ಚರಿಕೆ) ಪೈಥಾನಿನಲ್ಲಿ ತಾನಾಗಿ ಮುಚ್ಚಿರುತ್ತದೆ. 3.7ರಿಂದ ಸ್ವಲ್ಪ ತೆರೆದರು, ಆದರೆ ನೀವು ನೇರವಾಗಿ ಓಡಿಸುವ ಮುಖ್ಯ ಫೈಲಿನಲ್ಲಿ ಹುಟ್ಟಿದ ಎಚ್ಚರಿಕೆ ಮಾತ್ರ ಕಾಣುತ್ತದೆ. ಮುಖ್ಯ ಫೈಲ್ ಹತ್ತು ಸಾಲು, ಉಳಿದದ್ದೆಲ್ಲ ಇಂಪೋರ್ಟ್ ಆದ ಫೈಲುಗಳಲ್ಲಿ ಎನ್ನುವ ನಮ್ಮಂಥವರಿಗೆ ಏನೂ ಕಾಣುವುದಿಲ್ಲ. ಟೆಸ್ಟ್ ಓಡಿಸುವ ಪೈಟೆಸ್ಟ್ ಕೊನೆಯಲ್ಲಿ ತೋರಿಸುತ್ತದೆ, ಆ ಹಳದಿ ಪಟ್ಟಿಯನ್ನು ಯಾರೂ ಓದುವುದಿಲ್ಲ.

ಅಪ್‌ಗ್ರೇಡಿಗೆ ಮೊದಲು, ಹಳೆಯ ಪೈಥಾನಿನಲ್ಲೇ, ದೊಡ್ಡ ಡಬ್ಲ್ಯೂ ಆಯ್ಕೆಯಲ್ಲಿ ಡಿಫಾಲ್ಟ್ ಎಂದು ಕೊಟ್ಟು ಟೆಸ್ಟುಗಳನ್ನು ಓಡಿಸಿ, ಬಂದದ್ದನ್ನು ಫೈಲಿಗೆ ಹಾಕಿ. ಮೊದಲೇ ‘ಎರರ್’ ಎಂದು ಕೊಟ್ಟರೆ ಯಾವುದೋ ಹೊರಗಿನ ಲೈಬ್ರರಿಯ ಮೊದಲ ಎಚ್ಚರಿಕೆಗೇ ಎಲ್ಲ ನಿಂತುಬಿಡುತ್ತದೆ. ನಿಮ್ಮ ಕೋಡ್ ಶುದ್ಧವಾದ ಮೇಲೆ ಅದಕ್ಕೆ ಮಾತ್ರ ಎರರ್ ಮಾಡಿ. ಮೆಟ್ಟಿಲು ಹಾರಬೇಡಿ: 3.10ರಿಂದ 3.11, ಅಲ್ಲಿ ಎಚ್ಚರಿಕೆ ಓದಿ, ಆಮೇಲೆ 3.12. ಹಲವು ಆವೃತ್ತಿ ಹಾರಿದರೆ ಎಚ್ಚರಿಕೆ ಕೊಟ್ಟ ಆವೃತ್ತಿಯನ್ನೇ ದಾಟಿಬಿಡಬಹುದು. ಸರ್ವರಿನಲ್ಲಿ ಮಧ್ಯದ ಆವೃತ್ತಿ ಬೇಕಿಲ್ಲ, ಟೆಸ್ಟ್ ಓಡಿಸಲು ಒಂದು ಕಂಟೇನರ್ ಸಾಕು.

ನಮ್ಮಲ್ಲಿ ಈಗ 3.12ರಲ್ಲಿ ಹಾಗೆ ಓಡಿಸಿದಾಗ ಬಂದವುಗಳಲ್ಲಿ ಹೆಚ್ಚಿನವು ಯುಟಿಸಿ (ಜಾಗತಿಕ) ಸಮಯ ಕೊಡುವ ಡೇಟ್‌ಟೈಮಿನ ಯುಟಿಸಿನೌ ಬಗ್ಗೆ. 3.12ರಿಂದ ಅದಕ್ಕೆ ಎಚ್ಚರಿಕೆ ಇದೆ. ‘ನೌ’ಗೆ ಯುಟಿಸಿ ವಲಯ ಕೊಟ್ಟು ಕರೆಯಿರಿ ಎನ್ನುತ್ತದೆ. ಹುಡುಕಿ-ಬದಲಿಸಿ ಒತ್ತುವ ಮುನ್ನ ನಿಲ್ಲಿ. ಹಳೆಯದು ವಲಯವಿಲ್ಲದ ಸಮಯ ಕೊಡುತ್ತದೆ, ಹೊಸದು ವಲಯ ಸಹಿತ ಕೊಡುತ್ತದೆ. ಎರಡರಲ್ಲಿ ಯಾವುದು ಮೊದಲು ಎಂದು ಹೋಲಿಸಿದರೆ ಟೈಪ್‌ಎರರ್. ಡೇಟಾಬೇಸಿನಿಂದ ಬರುವ ಸಮಯ, ಕ್ಯಾಷ್‌ನಲ್ಲಿರುವ ಸಮಯ ಎಲ್ಲವನ್ನೂ ಸೇರಿಸಿ ಒಟ್ಟಿಗೇ ಬದಲಿಸಬೇಕು. ನಮ್ಮ ಕೆಲಸದ ಪಟ್ಟಿಯಲ್ಲಿ ಅದರ ಮುಂದೆ ಇನ್ನೂ ‘ಬಾಕಿ’ ಅಂತಲೇ ಇದೆ.